ಟೂಂಗಾಬಿಯಮ್ಮನ ಉದ್ದ ಕತ್ತಿನ ಬ್ಯಾಂಜೋ

ರಿಪೇರಿಗೆ ಕೊಟ್ಟು, ರಿಪೇರಿ ಚೆನ್ನಾಗಿ ಆಗದಿರಲಿ ಎಂದು ಆಸೆಪಟ್ಟ ಗಿರಾಕಿ ನನಗೆ ಸಿಕ್ಕಿದ್ದು ಒಬ್ಬರೇ. ಸಿಡ್ನಿಯ ಗಿರಾವೀನ್‌ನಲ್ಲಿ ನಮ್ಮ ಮನೆ, ಪಕ್ಕದ ಟೂಂಗಾಬಿಯಲ್ಲಿ ಅವರದು. ಎಪ್ಪತ್ತು ದಾಟಿದ ಆಸ್ಟ್ರೇಲಿಯನ್ ಹೆಂಗಸು, ಒಳ್ಳೇ ಎತ್ತರದ ಆಳು, ನಕ್ಕರೆ ಗ್ಯಾರೇಜಿನ ತಗಡಿನ ಬಾಗಿಲೂ ಅವರ ಜೊತೆ ನಗುತ್ತಿತ್ತು. ಮೊದಲ ದಿನ ಒಂದು ಉದ್ದನೆಯ ಕಪ್ಪು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, ಬೀಗ ತೆಗೆಯುವ ಮೊದಲೇ ಕೇಳಿದರು, "ಇದು ಸರಿಹೋಗದಷ್ಟು ಕೆಟ್ಟಿದೆ ಅಂತ ನಿಮಗೆ ಅನ್ನಿಸಬಹುದಾ, ಲವ್?"

ನನ್ನ ವಿಷಯ ಸ್ವಲ್ಪ ಹೇಳಬೇಕು. ಆಗ ನಾನು ಮ್ಯಾಕ್ವೆರಿ ಪಾರ್ಕಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದೆ. ಒಂದು ಮಾತ್ರೆಯ ಅಂಚು ಮುಕ್ಕಾಗಿದ್ದರೂ ಇಡೀ ಬ್ಯಾಚನ್ನು ತಡೆದು ನಿಲ್ಲಿಸುವುದಕ್ಕೆ ನನಗೆ ಸಂಬಳ. ಅದೇ ಬುದ್ಧಿಯನ್ನು ಮನೆಗೂ ತರುತ್ತೀಯ ಎಂದು ನನ್ನ ಗಂಡನ ದೂರು. ಅವರು ಮಡಚಿದ ಬಟ್ಟೆಯನ್ನು ನಾನು ಬಿಚ್ಚಿ ಮತ್ತೆ ಮಡಚುತ್ತೇನೆ ಎನ್ನುವುದು ನಿಜ. ಸಿಟ್ಟೂ ಬೇಗ ಬರುತ್ತದೆ. ಸಂಜೆಯ ಮರಗೆಲಸದ ಕ್ಲಾಸಿಗೆ ಸೇರಿದ್ದು ಆ ಸಿಟ್ಟು ಇಳಿಸಿಕೊಳ್ಳಲಿಕ್ಕೆ. ಅಲ್ಲಿ ಕಲಿತದ್ದರ ಬಲದಲ್ಲಿ ಲ್ಯಾಬಿನ ಸಹೋದ್ಯೋಗಿಯೊಬ್ಬರ ಗಿಟಾರಿನ ಎದ್ದುಬಂದ ಮರವನ್ನು ಅಂಟಿಸಿಕೊಟ್ಟೆ. ಅವರು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದರು. ಅಲ್ಲಿಂದ ಸುದ್ದಿ ಹಬ್ಬಿ, ಭಜನಾ ಮಂಡಳಿಯ ಹಾರ್ಮೋನಿಯಂ, ಯಾರದೋ ಮಗಳ ವಯೊಲಿನ್ ಎಲ್ಲವೂ ನಮ್ಮ ಗ್ಯಾರೇಜಿಗೆ ಬಂದು ಕೂತವು. ಗಂಡನ ಕಾರಿಗೆ ಜಾಗ ಹೋಯಿತು. ಈ ಹೆಂಗಸನ್ನು ಕರೆತಂದದ್ದೂ ಅದೇ ಸಹೋದ್ಯೋಗಿ. ಅವರ ಮನೆಯ ಹಿಂದಿನ ಬೇಲಿಯ ಆಚೆಯೇ ಇವರ ಮನೆ.

ಪೆಟ್ಟಿಗೆ ತೆಗೆದರೆ ಒಳಗೆ ಬ್ಯಾಂಜೋ. ತಮಟೆಗೆ ಕತ್ತು ಬಂದ ಹಾಗೆ ಇರುವ ಈ ವಾದ್ಯವನ್ನು ನಾನು ಅದುವರೆಗೆ ಟಿವಿಯಲ್ಲಿ ಮಾತ್ರ ನೋಡಿದ್ದೆ. ಇದರ ಕತ್ತಂತೂ ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಉದ್ದ. ಮಾಮೂಲಿ ಬ್ಯಾಂಜೋಗಿಂತ ಇದಕ್ಕೆ ಮೂರು ಮೆಟ್ಟು ಹೆಚ್ಚು, ಅದರಿಂದ ಶ್ರುತಿ ಕೆಳಗಿಳಿಯುತ್ತದೆ, ಹಾಡುವವರ ಗಂಟಲಿಗೆ ಆರಾಮ ಎಂದು ಅವರೇ ವಿವರಿಸಿದರು. ಅರವತ್ತರ ದಶಕದಲ್ಲಿ, ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ಸಂಬಳ ಕೂಡಿಟ್ಟು ಇದನ್ನು ಹಡಗಿನಲ್ಲಿ ತರಿಸಿಕೊಂಡಿದ್ದರಂತೆ. ಶನಿವಾರ ಸಂಜೆ ಸಿಡ್ನಿಯ ಕಾಫಿ ಅಂಗಡಿಗಳಲ್ಲಿ ಹಾಡುತ್ತಿದ್ದರಂತೆ. ಮದುವೆ, ಮಕ್ಕಳು ಆದಮೇಲೆ ಪೆಟ್ಟಿಗೆ ಬೀರುವಿನ ಮೇಲೆ ಹೋಯಿತು. ಈಗ ಕತ್ತು ಬಿಲ್ಲಿನಂತೆ ಬಾಗಿತ್ತು, ಚರ್ಮ ಸೀಳಿತ್ತು, ತಂತಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು.

ಅವರ ಗೋಳು ಇದು. ಮೆಲ್ಬೋರ್ನಿನಲ್ಲಿ ಅವರ ಮಗಳು ತನ್ನ ಮನೆಯ ಹಿಂದೆ ಅಮ್ಮನಿಗೆಂದು ಒಂದು ಸಣ್ಣ ಮನೆ ಕಟ್ಟಿಸುತ್ತಿದ್ದರು. ಟೂಂಗಾಬಿ ಮನೆ ಖಾಲಿ ಮಾಡಬೇಕು, ಬೆಲೆಬಾಳುವ ಸಾಮಾನನ್ನೆಲ್ಲ ಮಾರಿ ಆ ಕಟ್ಟೋಣಕ್ಕೆ ಸೇರಿಸಬೇಕು ಎಂದು ಅಮ್ಮ ಮಗಳು ಮಾತಾಡಿಕೊಂಡಿದ್ದರು. ಬ್ಯಾಂಜೋ ವಿಷಯದಲ್ಲಿ ಮಾತ್ರ ಜಗಳ. ಕೊನೆಗೆ ಒಂದು ಒಪ್ಪಂದವಾಯಿತು: ವಾದ್ಯವನ್ನು ರಿಪೇರಿ ಮಾಡಿಸಿ ಮೆಲ್ಬೋರ್ನಿನ ಒಬ್ಬ ಹಳೇ ವಾದ್ಯಗಳ ವ್ಯಾಪಾರಿಗೆ ತೋರಿಸುವುದು, ಸಂಗ್ರಹಕಾರರು ಕೊಳ್ಳುವಂಥ ಅಸಲಿ ಮಾಲು ಎಂದು ಅವನು ಹೇಳಿದರೆ ಮಾರಲು ಅಲ್ಲೇ ಬಿಟ್ಟುಬರುವುದು, ಇಲ್ಲವೆಂದರೆ ಅಮ್ಮನೇ ಇಟ್ಟುಕೊಳ್ಳುವುದು.

"ಹಾಗಾದರೆ ರಿಪೇರಿ ಯಾಕೆ ಮಾಡಿಸುತ್ತೀರಿ? ಹೀಗೇ ತೆಗೆದುಕೊಂಡು ಹೋಗಿ ತೋರಿಸಿ" ಎಂದೆ.

"ಅದು ಮೋಸ ಆಗುತ್ತೆ. ಮಾತು ಕೊಟ್ಟಿದ್ದೇನೆ" ಎಂದರು. "ನೀವು ನಿಮ್ಮ ಕೆಲಸ ಪ್ರಾಮಾಣಿಕವಾಗಿ ಮಾಡಿ. ಬೆಲೆ ಬಾರದಿರಲಿ ಅಂತ ಬೇಡಿಕೊಳ್ಳೋದು ನನಗೆ ಬಿಡಿ."

"ಇಟ್ಟುಕೊಂಡರೆ ನುಡಿಸುತ್ತೀರಾ?"

ಅವರು ತಮ್ಮ ಎಡಗೈಯನ್ನು ಮುಂದೆ ಚಾಚಿ ತೋರಿಸಿದರು. ಸಂಧಿವಾತದಿಂದ ಬೆರಳಿನ ಗಿಣ್ಣುಗಳೆಲ್ಲ ಊದಿ ಗಂಟು ಕಟ್ಟಿದ್ದವು. "ನುಡಿಸಲ್ಲ. ಆದರೂ ಬೇಕು. ಯಾಕೆ ಅಂತ ನನ್ನ ಮಗಳೂ ಕೇಳ್ತಾಳೆ, ಉತ್ತರ ಗೊತ್ತಿಲ್ಲ" ಎಂದು ಮತ್ತೆ ನಕ್ಕರು. ನನಗೆ ಆ ಉತ್ತರ ಹಿಡಿಸಲಿಲ್ಲ. ಕಾರಣವಿಲ್ಲದೆ ಯಾವುದನ್ನೂ ಇಟ್ಟುಕೊಳ್ಳದ ಜಾತಿ ನಾನು. ಆದರೆ ಆ ಬಾಗಿದ ಕತ್ತನ್ನು ನೋಡಿದಾಗಿನಿಂದ ಕೈ ತುರಿಸುತ್ತಿತ್ತು, ಒಪ್ಪಿಕೊಂಡೆ.

ಆಮೇಲಿನದು ನಾನು ಕಂಡ ಅತ್ಯಂತ ವಿಚಿತ್ರ ಆಸ್ಪತ್ರೆ. ಪ್ರತಿ ಶನಿವಾರ ಅವರು ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕ್ ಹಿಡಿದು ರೋಗಿಯನ್ನು ನೋಡಲು ಬರುವರು. "ಹೇಗಿದೆ?" ಎಂದು ಆಸೆಯಿಂದ ಕೇಳುವರು. ಕತ್ತಿಗೆ ಹದವಾಗಿ ಶಾಖ ಕೊಟ್ಟು, ಮರಗೆಲಸದ ಕ್ಲಾಂಪುಗಳಲ್ಲಿ ಬಿಗಿದು, ದಿನಗಟ್ಟಲೆ ಬಿಟ್ಟು, ಅದು ನೂಲು ಹಿಡಿದ ಹಾಗೆ ನೇರವಾಗಿದ್ದನ್ನು ನಾನು ಹೆಮ್ಮೆಯಿಂದ ತೋರಿಸುವೆ. ಅವರ ಮುಖ ಬಾಡುವುದು. "ಓಹ್. ತುಂಬಾ ಚೆನ್ನಾಗಿದೆ" ಎಂದು ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳುವರು. ಒಳ್ಳೇ ಸುದ್ದಿ ಹೇಳಲು ನಾನೇ ಹಿಂಜರಿಯುವ ಹಾಗಾಯಿತು. ಹಾಗೆಂದು ಕೆಲಸವನ್ನು ಅರೆಬರೆ ಮಾಡಲು ನನ್ನಿಂದ ಆಗಲಿಲ್ಲ. ಕೆಟ್ಟದಾಗಿ ಮಾಡುವುದು ನನಗೆ ಬರುವುದೇ ಇಲ್ಲ. ಅದೊಂದು ರೋಗ ಎಂದು ಗಂಡ.

ಆ ಹೊತ್ತಿಗೆ ಉಡುಪಿಯಿಂದ ನನ್ನ ಅತ್ತೆ ಬಂದಿಳಿದರು, ಆರು ತಿಂಗಳ ವೀಸಾ, ಎರಡು ಸೂಟ್‌ಕೇಸ್ ತುಂಬ ಹಪ್ಪಳ. ಅವರು ಬಂದ ವಾರವೇ ನಾನು ಬ್ಯಾಂಜೋದ ಹೊಸ ಚರ್ಮವನ್ನು ಬಚ್ಚಲಿನ ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಚರ್ಮ ನೆನೆದು ಮೆತ್ತಗಾದರೇ ದುಂಡಗೆ ಬಿಗಿದು ಒಣಗಿಸಲು ಬರುವುದು. ಬೆಳಿಗ್ಗೆ ಸ್ನಾನಕ್ಕೆ ಹೋದ ಅತ್ತೆ ಬಾಗಿಲಿನಿಂದಲೇ ಕರೆದರು.

"ಇದೆಂತ ಬಕೆಟಿನಲ್ಲಿ? ಹಪ್ಪಳವಾ?"

"ಕರುವಿನ ಚರ್ಮ, ಅತ್ತೆ."

ಬಾಗಿಲ ಹಿಂದೆ ಚೊಂಬು ಕೆಳಗಿಟ್ಟ ಸದ್ದಾಯಿತು. ಮಡಿ ಮೈಲಿಗೆಯ ಅತ್ತೆ ಇವತ್ತೇ ಟಿಕೆಟ್ ಬುಕ್ ಮಾಡಿಸುತ್ತಾರೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡೆ. "ದೇವಸ್ಥಾನದ ಚೆಂಡೆಗೂ ಅದನ್ನೇ ಹಾಕುದಲ್ವಾ" ಎಂಬ ಮಾತು ಕೊನೆಗೆ ಬಂತು. "ಆದ್ರೆ ಆ ಬಕೆಟ್ ಇನ್ನು ನಂಗೆ ಬೇಡ ಮಾರಾಯ್ತಿ." ಅಂದಿನಿಂದ ಅವರಿಗೆ ಬೇರೆ ಬಕೆಟ್.

ಶನಿವಾರದ ಅತಿಥಿಯನ್ನು ಕಂಡರೆ ಅತ್ತೆಗೆ ಬಲು ಇಷ್ಟವಾಯಿತು. ಟೂಂಗಾಬಿಯಮ್ಮ ಎಂದು ಹೆಸರಿಟ್ಟವರು ಅವರೇ. ಊರಿನ ಮೇಲೆ ಹೆಸರಿಡುವುದು ನಮ್ಮ ಕಡೆಯ ರೂಢಿ. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ತುಳುವೂ ಬಾರದು ಕನ್ನಡವೂ ಬಾರದು. ಇಬ್ಬರೂ ಒಬ್ಬರಿಗೊಬ್ಬರು ಮಂಡಿನೋವು ತೋರಿಸಿಕೊಂಡು, ಗೋಳಿಬಜೆ ತಿಂದು, ಗಂಟೆಗಟ್ಟಲೆ ಹರಟುತ್ತಿದ್ದರು. ಆದರೆ ಬ್ಯಾಂಜೋದ ಒಪ್ಪಂದವನ್ನು ನಾನು ಎಷ್ಟು ಬಿಡಿಸಿ ಹೇಳಿದರೂ ಅತ್ತೆಯ ತಲೆಗೆ ಹೋಗಲಿಲ್ಲ. ಬೆಲೆ ಬಾರದಿರಲಿ ಎಂದು ಯಾರಾದರೂ ಬಯಸುವುದುಂಟೇ? ಟೂಂಗಾಬಿಯಮ್ಮ ನಾಚಿಕೆಗೆ ಹಾಗೆ ಹೇಳುತ್ತಿದ್ದಾರೆ ಎಂದೇ ಅವರ ತೀರ್ಮಾನ.

ಅಕ್ಟೋಬರ್ ಬಂತು, ಆಯುಧಪೂಜೆ ಬಂತು. ಮೆಲ್ಬೋರ್ನಿನ ವ್ಯಾಪಾರಿಯ ಹತ್ತಿರ ಮುಂದಿನ ವಾರಕ್ಕೆ ಅಪಾಯಿಂಟ್‌ಮೆಂಟ್ ಬುಕ್ ಆಗಿತ್ತು. ಜೋಡಣೆಯೊಂದು ಬಾಕಿ. ಚರ್ಮವನ್ನು ಸುತ್ತಲೂ ಎಳೆದು ಹಿಡಿಯುವ ಲೋಹದ ಬಳೆ ಮತ್ತು ಕೊಕ್ಕೆಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು, ಆ ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು, ನಾನು ಕೆಲಸಕ್ಕೆ ಹೋದೆ. ಅವುಗಳ ಮೇಲೆ ನಿಕ್ಕಲ್ಲಿನ ತೆಳು ಲೇಪವಿತ್ತು. ನಲವತ್ತು ವರ್ಷದಲ್ಲಿ ಅದು ಮಂಕಾಗಿ, ಹೊಗೆ ಹಿಡಿದ ಬಣ್ಣಕ್ಕೆ ತಿರುಗಿತ್ತು. ಆ ಮಂಕನ್ನು ಮುಟ್ಟಲೇಬಾರದು, ಹಳೆಯದೆಂಬುದಕ್ಕೆ ಅದೇ ಸಾಕ್ಷಿ ಎಂದು ಮರಗೆಲಸದ ಮೇಷ್ಟ್ರು ನನಗೆ ಪದೇ ಪದೇ ಹೇಳಿದ್ದರು. ನಾನು ಬಟ್ಟೆಯಲ್ಲಿ ಧೂಳು ಒರೆಸಿದ್ದೆ, ಅಷ್ಟೇ.

ಸಂಜೆ ಮನೆಗೆ ಬಂದರೆ ಹಿತ್ತಲಿನ ಮೆಟ್ಟಿಲ ಮೇಲೆ ಹಳೇ ಸೀರೆ ಹಾಸಿತ್ತು. ಅದರ ಮೇಲೆ ದೀಪಗಳು, ಆರತಿ ತಟ್ಟೆ, ಕೃಷ್ಣನ ಮೂರ್ತಿ ಎಲ್ಲ ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ಅವುಗಳ ಪಕ್ಕದಲ್ಲಿ ಬ್ಯಾಂಜೋದ ಬಳೆ, ಕೊಕ್ಕೆಗಳು, ಅಷ್ಟೂ ಹೊಚ್ಚ ಹೊಸ ಹಿತ್ತಾಳೆಯ ಹಳದಿಯಲ್ಲಿ ಫಳಫಳ ಹೊಳೆಯುತ್ತಿದ್ದವು. ನಿಕ್ಕಲ್ ಮಾಯ.

"ಹುಳಿ ಉಪ್ಪು ಹಾಕಿ, ಸ್ಟೀಲ್ ನಾರಿನಲ್ಲಿ ತಿಕ್ಕಿದೆ" ಎಂದರು ಅತ್ತೆ, ಬೆವರೊರೆಸಿಕೊಳ್ಳುತ್ತ. "ಎಂತ ಕಿಲುಬು ಮಾರಾಯ್ತಿ! ಮಧ್ಯಾಹ್ನ ಮಲಗ್ಲಿಲ್ಲ ನಾನು. ಅಷ್ಟು ಕಪ್ಪು ಇಟ್ಕೊಂಡು ಪೂಜೆಗಿಡುದಾ? ಈಗ ಲಾಯ್ಕ ಆಯ್ತಲ್ಲ. ಟೂಂಗಾಬಿಯಮ್ಮನಿಗೆ ಒಳ್ಳೆ ಬೆಲೆ ಬರ್ತದೆ."

ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ. ತಿಂಗಳುಗಟ್ಟಲೆ ಮಾಡಿದ ಕೆಲಸ, ಒಂದು ಮಧ್ಯಾಹ್ನದಲ್ಲಿ! ಬಾಯಿ ತೆರೆದೆ. ಅತ್ತೆಯ ಬೆರಳ ತುದಿಗಳು ಹುಣಸೆಹಣ್ಣಿಗೆ ಸುಕ್ಕುಗಟ್ಟಿ ಬೆಳ್ಳಗಾಗಿದ್ದವು, ಅಲ್ಲಲ್ಲಿ ಸ್ಟೀಲ್ ನಾರು ಚುಚ್ಚಿ ಕೆಂಪಾಗಿತ್ತು. ಬಾಯಿ ಮುಚ್ಚಿ ಗ್ಯಾರೇಜಿಗೆ ಹೋಗಿ ಒಂದು ಹಲಗೆಯನ್ನು ಅರ್ಧ ಗಂಟೆ ಸುಮ್ಮನೆ ಉಜ್ಜಿದೆ. ಮರುದಿನದ ಪೂಜೆಗೆ ವಾದ್ಯವನ್ನು ಜೋಡಿಸಿ ಇಟ್ಟೆ, ಆದರೆ ಕುಂಕುಮ ಪೆಟ್ಟಿಗೆಗೆ ಮಾತ್ರ ಎಂದು ಅತ್ತೆಗೆ ತಾಕೀತು ಮಾಡಿ, ಕಾವಲು ನಿಂತೆ.

ಶನಿವಾರ ಟೂಂಗಾಬಿಯಮ್ಮನಿಗೆ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಬ್ಯಾಂಜೋವನ್ನು ಬೆಳಕಿಗೆ ಹಿಡಿದು ಆ ಹಳದಿ ಬಳೆಯನ್ನೇ ನೋಡಿದರು. "ಇದರಿಂದ ಬೆಲೆ ಇಳಿಯುತ್ತಾ?"

"ಇಳಿಯಬಹುದು."

"ತುಂಬಾ ಇಳಿಯುತ್ತಾ?"

"ಅದು ನನಗೆ ಗೊತ್ತಿಲ್ಲ. ಕತ್ತು, ಮರ ಎಲ್ಲ ಅಸಲಿ, ಎಲ್ಲ ಚೆನ್ನಾಗಿದೆ."

"ಅಯ್ಯೋ" ಎಂದರು. ಆದರೂ ಹೋಗಿ ಅತ್ತೆಯ ಎರಡೂ ಕೈ ಹಿಡಿದು ಕುಲುಕಿದರು. ಅತ್ತೆ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು.

ಮೆಲ್ಬೋರ್ನಿಗೆ ಕಾರಿನಲ್ಲೇ ಹೋದೆವು, ಇಡೀ ದಿನದ ದಾರಿ. ವಿಮಾನದಲ್ಲಿ ಸಾಮಾನು ಎಸೆಯುವವರ ಕೈಗೆ ಬ್ಯಾಂಜೋ ಕೊಡಲು ಟೂಂಗಾಬಿಯಮ್ಮ ಸುತರಾಂ ಒಪ್ಪಲಿಲ್ಲ. "ಹಾಳಾಗಲಿ ಅಂತ ನಾನು ಯಾವತ್ತಾದರೂ ಹೇಳಿದ್ದೇನಾ? ಬೆಲೆ ಬರೋದು ಬೇಡ ಅಂದೆ, ಅಷ್ಟೇ" ಎಂದು ನನ್ನನ್ನೇ ದಬಾಯಿಸಿದರು. ಗಂಡ ಡ್ರೈವ್ ಮಾಡಿದರು, ನಾನು ಮಡಿಲಲ್ಲಿ ರಸ್ತೆಯ ನಕ್ಷೆಯ ಪುಸ್ತಕ ಬಿಡಿಸಿ ಕೂತೆ. ಅತ್ತೆ ಕಾಲುನೋವೆಂದು ಗಿರಾವೀನ್‌ನಲ್ಲೇ, ಹಿಂದಿನ ಬೀದಿಯ ಉಡುಪಿಯವರ ಮನೆಯಲ್ಲಿ ಉಳಿದರು. ಅವರು ಕಟ್ಟಿಕೊಟ್ಟ ಚಿತ್ರಾನ್ನವನ್ನು ಹೆದ್ದಾರಿ ಬದಿಯ ಬೆಂಚಿನ ಮೇಲೆ ಟೂಂಗಾಬಿಯಮ್ಮನೇ ಹೆಚ್ಚು ತಿಂದರು. ರಾತ್ರಿ ಮಗಳ ಮನೆಯಲ್ಲಿ ಉಳಿದೆವು. ಮಗಳು ಒಳ್ಳೆಯವರೇ. ಅಮ್ಮನ ಬಚ್ಚಲಿಗೆ ಹಿಡಿಗಂಬಿ, ಹೊಸ್ತಿಲಿಗೆ ಇಳಿಜಾರು ಎಂದು ಕಟ್ಟೋಣದ ಒಂದೊಂದು ಮೂಲೆಯನ್ನೂ ನಮಗೆ ಟಾರ್ಚು ಹಾಕಿ ತೋರಿಸಿದರು. ಅದಕ್ಕೆ ಖರ್ಚಾಗುತ್ತದೆ ಎಂಬ ಅವರ ಚಿಂತೆ ನ್ಯಾಯವಾದದ್ದೇ.

ವ್ಯಾಪಾರಿಯ ಅಂಗಡಿ ಟ್ರಾಮ್ ಓಡುವ ಬೀದಿಯಲ್ಲಿ, ಮಹಡಿಯ ಮೇಲೆ. ಗೋಡೆ ತುಂಬ ವಾದ್ಯಗಳು ನೇತಾಡುತ್ತಿದ್ದವು. ಅವನು ಮಾತು ಕಡಿಮೆಯ ಮನುಷ್ಯ. ಪೆಟ್ಟಿಗೆ ತೆಗೆದು, ಕತ್ತನ್ನು ಕಣ್ಣಿನ ನೇರಕ್ಕೆ ಹಿಡಿದು, "ಯಾರು ನೇರ ಮಾಡಿದ್ದು?" ಎಂದ. ನಾನು ಕೈ ಎತ್ತಿದೆ. "ಒಳ್ಳೇ ಕೆಲಸ." ನನ್ನ ಎದೆ ಉಬ್ಬಿತು. ಪಕ್ಕದಲ್ಲಿ ಟೂಂಗಾಬಿಯಮ್ಮ ನಿಟ್ಟುಸಿರು ಬಿಟ್ಟರು. ಒಳಗಿನ ಮುದ್ರೆ ನೋಡಿದ, ಮರದ ಮೇಲಿನ ಹಳೇ ಮೆರುಗು ನೋಡಿದ, ತುದಿಯ ತಿರುಗಣೆಗಳನ್ನು ತಿರುಗಿಸಿದ. "ಅಸಲಿ. ಕಾರ್ಖಾನೆಯಲ್ಲೇ ಉದ್ದ ಕತ್ತು ಮಾಡಿದ್ದು. ಇಂಥದ್ದು ಈ ದೇಶದಲ್ಲಿ ಹೆಚ್ಚಿಲ್ಲ." ಟೂಂಗಾಬಿಯಮ್ಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಮಗಳು ಅಮ್ಮನ ಭುಜದ ಮೇಲೆ ಕೈಯಿಟ್ಟರು. ನನ್ನ ಕೆಲಸವನ್ನು ಒಬ್ಬ ಬಲ್ಲವನು ಹೊಗಳುತ್ತಿದ್ದ, ನನಗೆ ಅಳು ಬರುವ ಹಾಗಿತ್ತು. ಆ ಕ್ಷಣ, ದೇವರಾಣೆ, ನನಗೂ ಅದು ಮಾರಿಹೋಗುವುದು ಬೇಡವಾಗಿತ್ತು.

ಆಗ ಅವನು ಮೇಜಿನ ದೀಪ ಎಳೆದು ವಾದ್ಯವನ್ನು ಅದರ ಕೆಳಗೆ ತಿರುಗಿಸಿದ. ಕಿಟಕಿಯ ಬೆಳಕಿನಲ್ಲಿ ಮಾಸಲು ಚಿನ್ನದ ಬಣ್ಣದ್ದಾಗಿ ಕಂಡಿದ್ದ ಬಳೆ ದೀಪದ ಕೆಳಗೆ ಕಣ್ಣು ಕುಕ್ಕಿತು. ಅವನು ಬಳೆಯನ್ನು ನೋಡಿದ, ಕೊಕ್ಕೆಗಳನ್ನು ಒಂದೊಂದಾಗಿ ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಬಾಯಿಂದ ಮಾತೇ ಹೊರಡಲಿಲ್ಲ.

"ಹುಣಸೆಹಣ್ಣು" ಎಂದರು ಟೂಂಗಾಬಿಯಮ್ಮ, ಮೋಸ ಆಗಬಾರದಲ್ಲ. "ಹಬ್ಬಕ್ಕೆ ಅಂತ ಇವರ ಅತ್ತೆ ತೊಳೆದದ್ದು."

"ಯಾಕೆ?" ಎಂದ ಅವನು ಕೊನೆಗೆ, ನಿಜವಾದ ನೋವಿನಿಂದ. ಆಮೇಲೆ ಸಾವರಿಸಿಕೊಂಡು ವಿವರಿಸಿದ. ಮತ್ತೆ ಲೇಪ ಹಾಕಿಸಬಹುದು, ಆದರೆ ಆಗ ಅದು ಮತ್ತೆ ಲೇಪ ಹಾಕಿಸಿದ್ದು ಅನ್ನಿಸಿಕೊಳ್ಳುತ್ತದೆ. ಸಂಗ್ರಹಕಾರರು ಈಗ ಇದನ್ನು ಮುಟ್ಟುವುದಿಲ್ಲ. ನುಡಿಸುವವರಿಗೆ ಮಾತ್ರ ಒಳ್ಳೆಯ ವಾದ್ಯ. ಅವರು ಕೊಡುವ ಬೆಲೆಗೆ ಮಾರುವುದರಲ್ಲಿ ಅರ್ಥವಿಲ್ಲ.

"ಹಾಗಾದರೆ ಸಂಗ್ರಹದ ಮಾಲು ಅಲ್ಲ. ಇನ್ನೊಂದು ಸಲ ಹೇಳಿ, ನನ್ನ ಮಗಳಿಗೆ ಕೇಳಿಸೋ ಹಾಗೆ."

"ಅಲ್ಲ, ಮೇಡಂ."

ಟೂಂಗಾಬಿಯಮ್ಮ ಸ್ಟೂಲಿನಿಂದ ಎದ್ದು ಆ ಮನುಷ್ಯನ ಕೆನ್ನೆಗೆ ಮುತ್ತು ಕೊಟ್ಟರು. ಮಗಳು ಮೇಲೆ ನೋಡಿ, ಕೆಳಗೆ ನೋಡಿ, "ಸರಿಯಮ್ಮ, ಮಾತು ಅಂದರೆ ಮಾತು" ಎಂದರು.

ಬೀದಿಗೆ ಇಳಿದ ಕೂಡಲೇ ನನ್ನ ಮೊಬೈಲ್ ಬಡಿದುಕೊಂಡಿತು. ಅತ್ತೆ. ಬೆಳಿಗ್ಗೆಯಿಂದ ಉಡುಪಿಯವರ ಮನೆಯ ಫೋನಿನ ಪಕ್ಕವೇ ಕೂತಿದ್ದರಂತೆ. "ಎಂತ ಹೇಳಿದ ಅವ? ಹೊಳಪು ನೋಡಿದನಾ?"

"ನೋಡಿದ, ಅತ್ತೆ. ಬಾಯಿಂದ ಮಾತೇ ಹೊರಡಲಿಲ್ಲ."

"ಹಾಂ!" ಎಂದರು. ಆ ಹಾಂಕಾರದಲ್ಲಿದ್ದ ತೃಪ್ತಿಯನ್ನು ಒಡೆಯಲು ನನಗೆ ಮನಸ್ಸಾಗಲಿಲ್ಲ. ಇವತ್ತಿಗೂ ಅವರು ಆ ಬ್ಯಾಂಜೋ ತಮ್ಮಿಂದಾಗಿಯೇ ಗೆದ್ದಿತು ಎಂದು ಹೇಳುತ್ತಾರೆ, ಅದು ಸುಳ್ಳೂ ಅಲ್ಲ.

ಮಗಳ ಮನೆಗೆ ವಾಪಸು ಬಂದು ಅಡುಗೆಮನೆಯಲ್ಲಿ ಎಲ್ಲರೂ ಚಹಾಕ್ಕೆ ಕೂತೆವು. ಟೂಂಗಾಬಿಯಮ್ಮ ಕುರ್ಚಿಯಲ್ಲಿ ಕೂತು ಬ್ಯಾಂಜೋವನ್ನು ತೊಡೆಯ ಮೇಲಿಟ್ಟುಕೊಂಡರು. ಮಗಳು ನೀರು ಕಾಯಲಿಕ್ಕಿಡುತ್ತ, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯದೆ ಕೇಳಿದರು: "ಆದರೆ ಅಮ್ಮಾ, ನಿನ್ನ ಬೆರಳು ಹೀಗಿರುವಾಗ ಇದನ್ನಿಟ್ಟುಕೊಂಡು ಏನು ಮಾಡ್ತೀಯ?"

ಅಮ್ಮ ಬ್ಯಾಂಜೋವನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡರು. ಎಡಗೈಯನ್ನು ಕತ್ತಿನ ಮೇಲಿಟ್ಟು ತಂತಿ ಒತ್ತಲು ನೋಡಿದರು. ಕೊರ್ ಎಂದಿತು. ಬೆರಳನ್ನು ಸರಿಸಿ ಮತ್ತೆ ಒತ್ತಿದರು. ಮತ್ತೆ ಅದೇ ಕೊರ್. ಅಂಗಡಿಯಲ್ಲಿ ಅಷ್ಟು ಕುಣಿದಾಡಿದವರ ಮುಖ ಸಣ್ಣಗಾಯಿತು. ನನ್ನ ಗಂಡ ಬಿಸ್ಕತ್ತಿನ ಪೊಟ್ಟಣದ ಮೇಲಿನ ಅಕ್ಷರ ಓದತೊಡಗಿದರು.

ನನಗೆ ಇಂಥದ್ದನ್ನು ನೋಡುತ್ತ ಕೂರಲು ಆಗುವುದಿಲ್ಲ. "ಎಡಗೈ ತೆಗೀರಿ" ಎಂದೆ, ಸ್ವಲ್ಪ ಜೋರಾಗಿಯೇ. "ಏನೂ ಒತ್ತಬೇಡಿ. ತಂತಿಗಳನ್ನ ಸುಮ್ಮನೆ ಮೀಟಿ. ಒತ್ತದೆ ಮೀಟಿದರೂ ಒಂದಕ್ಕೊಂದು ಕೂಡೋ ಹಾಗೇ ಶ್ರುತಿ ಮಾಡಿದ್ದೇನಲ್ಲ. ನಮ್ಮಲ್ಲಿ ಹಾಡುವವರ ಹಿಂದೆ ತಂಬೂರಿ ಹಾಗೇ ಇರುತ್ತೆ. ಯಾರೂ ಏನೂ ಒತ್ತೋದಿಲ್ಲ, ಶ್ರುತಿ ಹಿಡಿದು ಹಾಡ್ತಾರೆ ಅಷ್ಟೆ."

ಅವರು ನನ್ನನ್ನು ಅನುಮಾನದಿಂದ ನೋಡಿ, ಬಲಗೈ ಹೆಬ್ಬೆರಳಿನಿಂದ ಎಲ್ಲ ತಂತಿಗಳನ್ನೂ ಒಮ್ಮೆ ಸವರಿದರು. ಆ ಉದ್ದ ಕತ್ತಿನ ತಗ್ಗಿದ ನಾದ ಅಡುಗೆಮನೆ ತುಂಬಿತು. ಮತ್ತೆ ಸವರಿದರು, ಮತ್ತೆ. ತುಟಿ ಮುಚ್ಚಿಕೊಂಡೇ ಗುನುಗಿ, ದನಿ ಎಲ್ಲಿ ಕೂರುತ್ತದೆ ಎಂದು ಹುಡುಕಿದರು. ಆಮೇಲೆ ಹಾಡಿದರು. ಕುರಿಯ ಉಣ್ಣೆ ಕತ್ತರಿಸುವವರದೊಂದು ಹಳೇ ಹಾಡು. ವಯಸ್ಸಿಗೆ ದನಿ ಒರಟಾಗಿ, ಆಳಕ್ಕಿಳಿದಿತ್ತು, ಆದರೆ ಒಂದು ಸ್ವರವೂ ಜಾರಲಿಲ್ಲ. ತಪ್ಪು ಹುಡುಕುವುದೇ ಕಸುಬಾದ ನನಗೂ ಅದರಲ್ಲಿ ತಪ್ಪು ಸಿಗಲಿಲ್ಲ. ನನಗೆ ತುಂಬ ಸಂತೋಷವಾಯಿತು. ಅವರಿಗೆ ಅದು ಯಾಕೆ ಬೇಕಿತ್ತು ಎಂದು ಇನ್ನು ಯಾರೂ ಕೇಳುವ ಹಾಗಿರಲಿಲ್ಲ.

ಮಗಳು ಇನ್ನೂ ಚಹಾ ಹಾಕದ ಕಪ್ಪುಗಳನ್ನು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಅಮ್ಮ ಹಾಡುವುದನ್ನು ಕೇಳಿದ ನೆನಪೇ ಅವರಿಗೆ ಇರಲಿಲ್ಲವಂತೆ.

"ಯಾಕೆ ನಿಲ್ಲಿಸಿದೆ?" ಎಂದು ಕೇಳಿದರು.

"ನಿಲ್ಲಿಸಿದ್ದು ನೀನೇ" ಎಂದರು ಟೂಂಗಾಬಿಯಮ್ಮ. "ನಡೆಯೋಕೆ ಕಲಿತ ಮೇಲೆ, ನಾನು ಹಾಡೋಕೆ ಶುರುಮಾಡಿದರೆ ಸಾಕು, ಓಡಿ ಬಂದು ಎರಡೂ ಕೈಯಲ್ಲಿ ನನ್ನ ಬಾಯಿ ಮುಚ್ಚುತ್ತಿದ್ದೆ. ಇರಲಿ, ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ಹಾಡೋಣ ಅಂದುಕೊಂಡೆ."

ನಾವೆಲ್ಲ ಗೊಳ್ಳೆಂದು ನಕ್ಕೆವು, ಮಗಳೂ ನಕ್ಕರು. ಆಮೇಲೆ, ಅರ್ಧ ತಲೆ ನೆರೆತಿದ್ದ ಆ ಮಗಳು ಕಪ್ಪುಗಳನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಅಮ್ಮನ ಎದುರಿಗೆ ಕೂತು, "ಈಗ ದೊಡ್ಡವಳಾಗಿದ್ದೇನೆ, ಹಾಡು" ಎಂದರು.